ಹೆಗಲು ಒತ್ತುವ ತನಕ

ಕಥೆ ಅಂದ ಮೇಲೆ ಅದು ಒಂದೂರಿನ ಒಬ್ಬ ಶ್ರೀಮಂತನಿಂದಲೇ ಶುರುವಾಗಬೇಕು ಎಂದು ನೀವು ಗಟ್ಟಿ ಮಾಡಿಕೊಂಡು ಬಂದಿದ್ದೀರಿ. ಈ ಶ್ರಾವಣದಲ್ಲಿ ಮಠದ ಪ್ರವಚನಕ್ಕೆ ಕೂತು ಹದಿನೇಳು ದಿನ ನಾನೂ ಹಾಗೆಯೇ ಶುರು ಮಾಡಿದೆ. ಹದಿನೇಳು ದಿನವೂ ಆ ಶ್ರೀಮಂತನಿಗೆ ಕೊನೆಗೆ ಬುದ್ಧಿ ಬಂತು. ನೀವು ತಲೆಯಾಡಿಸಿದಿರಿ, ‘ನಮ್ಮ ಓಣಿಯ ಇಂಥವನಿಗೇ ಹೇಳಿದ ಹಾಗಿತ್ತು’ ಎಂದು ಪಕ್ಕದವರ ಕಿವಿಯಲ್ಲಿ ಪಿಸುಗುಟ್ಟಿ ಎದ್ದು ಹೋದಿರಿ. ನಿಮಗೆ ಹೇಳಿದ್ದು ಎಂದು ಒಬ್ಬರಿಗೂ ಅನ್ನಿಸಲಿಲ್ಲ. ಆದ್ದರಿಂದ ಇವತ್ತು ಶ್ರೀಮಂತನಿಗೆ ರಜೆ. ಇವತ್ತು ಒಂದೂರಲ್ಲಿ ಒಬ್ಬಳು ಪೊಲೀಸ್ ಇದ್ದಳು.

ನೋಡಿ, ಹಿಂದೆ ಕೂತ ಕಾಲೇಜು ಹುಡುಗರು ಮೊಬೈಲ್ ಕೆಳಗಿಟ್ಟರು. ಇಷ್ಟು ದಿನಗಳಲ್ಲಿ ಇದೇ ಮೊದಲು.

ಶುರು ಮಾಡುವ ಮೊದಲು ಒಂದು ಮಾತು. ಆ ಕಂಬದ ಹತ್ತಿರ ಕೂತವರು ದಿನಾ ಮಂಗಳಾರತಿಗೆ ಮೊದಲೇ ಮೆಲ್ಲಗೆ ಎದ್ದು ಪ್ರಸಾದದ ಸಾಲಿಗೆ ಓಡುತ್ತೀರಿ. ನಾನು ಎತ್ತರದಲ್ಲಿ ಕೂತಿದ್ದೇನೆ, ನನಗೆ ಎಲ್ಲ ಕಾಣುತ್ತದೆ. ಇವತ್ತು ಓಡಬೇಡಿ. ಯಾಕೆ ಎನ್ನುವುದನ್ನು ಕಥೆ ಮುಗಿದ ಮೇಲೆ ಹೇಳುತ್ತೇನೆ.

ದೃಷ್ಟಾಂತದಲ್ಲಿ ಬರುವವರಿಗೆ ಹೆಸರಿಡುವ ವಾಡಿಕೆ ಇಲ್ಲ. ಆದರೆ ಈಕೆಯನ್ನು ಬರೀ ‘ಆಕೆ’ ಎಂದು ಕರೆಯಲು ನನಗೆ ಮನಸ್ಸು ಬರುವುದಿಲ್ಲ. ಈರವ್ವ ಎನ್ನೋಣ. ಉಳಿದವರು ಹೆಸರಿಲ್ಲದೇ ಇರಲಿ.

ಈರವ್ವನಿಗೆ ಅಪ್ಪ ಇರಲಿಲ್ಲ. ಅವ್ವ ಒಂದು ಖಾನಾವಳಿಯಲ್ಲಿ ರೊಟ್ಟಿ ಬಡಿಯುತ್ತಿದ್ದಳು. ಬೆಳಿಗ್ಗೆ ಮನೆಯಲ್ಲಿ ತಮ್ಮಿಬ್ಬರಿಗೆ ನಾಲ್ಕು ರೊಟ್ಟಿ ಬಡಿದಿಟ್ಟು, ಆಮೇಲೆ ಊರಿಗೆಲ್ಲ ಬಡಿಯಲು ಹೋಗುವುದು. ಒಂದೇ ಕೋಣೆಯ ಮನೆ, ಒಲೆ ಹಿತ್ತಲ ಕಡೆ, ಬಾಗಿಲು ನೇರ ಓಣಿಗೆ. ಹುಡುಗಿ ಶಾಲೆಯಲ್ಲಿ ಹಗ್ಗದ ಮಲ್ಲಕಂಬ ಕಲಿತಳು. ನಿಮ್ಮಲ್ಲಿ ನೋಡಿದವರು ಇದ್ದೀರಿ. ಮೇಲಿನಿಂದ ಒಂದು ಹಗ್ಗ ಇಳಿಬಿಟ್ಟಿರುತ್ತಾರೆ. ಕಾಲಿನ ಹೆಬ್ಬೆರಳಲ್ಲಿ ಅದನ್ನು ಹಿಡಿದು, ಸರಸರ ಏರಿ, ನಡುಗಾಳಿಯಲ್ಲಿ ಪದ್ಮಾಸನ ಹಾಕಿ ಕೂರುವ ವಿದ್ಯೆ. ಆ ಹಗ್ಗದ ಮೇಲೆ ಒಬ್ಬರಿಗೇ ಜಾಗ. ಹಿಂದೆ ಯಾರೂ ಇಲ್ಲ, ಮುಂದೆ ಯಾರೂ ಇಲ್ಲ. ಯಾರಿಗೂ ಕಾಯಬೇಕಾಗಿಲ್ಲ. ಈರವ್ವ ಎಂಟು ವರ್ಷದವಳಿದ್ದಾಗ ಹತ್ತಿದ ಹಗ್ಗ, ಹದಿನೆಂಟಾದರೂ ಇಳಿದಿರಲಿಲ್ಲ. ಪದಕಗಳನ್ನು ನೇತುಹಾಕಲು ಮೊಳೆ ಸಾಲದೆ ಅವ್ವ ಅವನ್ನು ಹಿಟ್ಟಿನ ಡಬ್ಬಿಯಲ್ಲಿ ಹಾಕಿಟ್ಟಿದ್ದಳು.

ಮುಂದೆ ಆಕೆ ಪೊಲೀಸ್ ಕಾನ್‌ಸ್ಟೇಬಲ್ ಆದಳು. ಒಂದು ರಾಜ್ಯೋತ್ಸವದ ದಿನ ಜಿಲ್ಲಾ ಮೈದಾನದಲ್ಲಿ ಬಂದೋಬಸ್ತಿಗೆ ನಿಂತಿದ್ದಾಗ ಕಮಾಂಡೋ ಪಡೆಯವರ ಪ್ರದರ್ಶನ ನಡೆಯಿತು. ಕರಿ ಬಟ್ಟೆ, ಮುಖಕ್ಕೆ ಕರಿ ಮುಸುಕು. ಮೂರು ಮಾಳಿಗೆಯ ಕಟ್ಟಡದ ಮೇಲಿನಿಂದ ಹಗ್ಗ ಹಿಡಿದು ಜರ‍್ರನೆ ಇಳಿದರು, ಕಣ್ಣು ಮುಚ್ಚಿ ತೆಗೆಯುವುದರಲ್ಲಿ ಕಟ್ಟಡದ ಒಳಗಿದ್ದರು. ಮುಸುಕು ತೆಗೆದಾಗ ಅವರಲ್ಲಿ ಇಬ್ಬರು ಹೆಣ್ಣುಮಕ್ಕಳು! ಜನ ಚಪ್ಪಾಳೆ ತಟ್ಟಿದರು. ಈರವ್ವ ತಟ್ಟಲಿಲ್ಲ, ಆಕೆಯ ಕೈಯಲ್ಲಿ ಲಾಠಿ ಇತ್ತು. ಆಕೆ ನೋಡಿದ್ದು ಹಗ್ಗವನ್ನು. ‘ಅದು ನಂದು’ ಎಂದು ಮನಸ್ಸಿನಲ್ಲೇ ಅಂದುಕೊಂಡಳು.

ಈಗ ನಾನು ಆಸೆ ಕೆಟ್ಟದ್ದು, ಆಸೆ ಬಿಡಿ ಎನ್ನುತ್ತೇನೆ ಎಂದು ಕಾಯುತ್ತಿದ್ದೀರಿ. ಎನ್ನುವುದಿಲ್ಲ. ರೊಟ್ಟಿ ಬಡಿಯುವವಳ ಮಗಳು ಅಷ್ಟು ಎತ್ತರದ್ದನ್ನು ಬಯಸಿದಳಲ್ಲ, ನನಗೆ ಆಕೆಯ ಮೇಲೆ ಅಭಿಮಾನ. ಊರಲ್ಲಿ ಎಲ್ಲಿಯೋ ಬಂದೂಕು ಹಿಡಿದವನೊಬ್ಬ ಮಕ್ಕಳನ್ನು ಕೋಣೆಯಲ್ಲಿ ಕೂಡಿಹಾಕಿದಾಗ ನಾವೆಲ್ಲ ಬಾಗಿಲು ಬಿಟ್ಟು ದೂರ ಓಡುತ್ತೇವೆ. ಆ ಬಾಗಿಲಿನ ಕಡೆಗೇ ಓಡುವ ಕೆಲಸ ಬೇಕು ಎಂದು ಒಂದು ಹುಡುಗಿ ಕೇಳುತ್ತಾಳೆ. ಬೇಡ ಎನ್ನಲು ನಾನು ಯಾರು?

ಎರಡು ವರ್ಷ ತಯಾರಿ ಮಾಡಿದಳು. ನಸುಕಿನಲ್ಲಿ ಎದ್ದು ಬೆನ್ನಿಗೆ ಉಸುಕಿನ ಚೀಲ ಕಟ್ಟಿಕೊಂಡು ಓಡುವುದು, ಆಮೇಲೆ ಡ್ಯೂಟಿ. ಠಾಣೆಯ ಕಾಗದಪತ್ರ ನೋಡುವ ರೈಟರ್ ದಿನಾ ಕಾಡುತ್ತಿದ್ದ. “ಏನವಾ ಈರವ್ವಾ, ಮೊದಲ ಈ ಸಮನ್ಸ್ ಮುಟ್ಟಿಸಿ ಬಾ. ಆಮ್ಯಾಲ ದೇಶಾ ಕಾಯೂವಂತಿ.” ಈರವ್ವ ನಕ್ಕು ಸಮನ್ಸ್ ತೆಗೆದುಕೊಂಡು ಹೋಗುತ್ತಿದ್ದಳು. ಹೋಗುತ್ತಿದ್ದಳು ಎಂದರೆ, ಆತ ಮಾತು ಮುಗಿಸುವ ಮೊದಲೇ ಹೋಗಿರುತ್ತಿದ್ದಳು. ಅದು ಆಕೆಯ ಗುಣ. ಊಟಕ್ಕೆ ಕೂತರೆ ಬಡಿಸುವವರು ಕೂರುವ ಮೊದಲು ಎದ್ದಿರುತ್ತಿದ್ದಳು.

ನಮ್ಮ ಕಡೆ ಒಂದು ಪದ್ಧತಿ ಇದೆ, ನಿಮಗೆಲ್ಲ ಗೊತ್ತು. ಮನೆ ಬಿಡುವವರು ‘ಹೋಗಿ ಬರ್ತೀನಿ’ ಎನ್ನಬೇಕು. ಒಳಗಿದ್ದವರು ‘ಹೋಗಿ ಬಾ’ ಎನ್ನಬೇಕು. ಆ ಮಾತು ಕಿವಿಗೆ ಬಿದ್ದ ಮೇಲೆ ಹೊಸ್ತಿಲು ದಾಟುವುದು. ಈರವ್ವನೂ ‘ಬರ್ತೀನ ಬೇ’ ಎನ್ನುತ್ತಿದ್ದಳು, ಒಂದು ದಿನವೂ ತಪ್ಪಿಸಲಿಲ್ಲ. ಆದರೆ ಯಾವಾಗ? ಗಾಡಿಯ ಮೇಲೆ ಕೂತು, ಗೇರ್ ಹಾಕಿದ ಮೇಲೆ. ಅವ್ವ ಹಿಟ್ಟಿನ ಕೈಯಲ್ಲಿ ಬಾಗಿಲಿಗೆ ಬರುವಷ್ಟರಲ್ಲಿ ಓಣಿಯಲ್ಲಿ ಗಾಡಿಯ ಹೊಗೆ ಮಾತ್ರ ಇರುತ್ತಿತ್ತು.

ಆಯ್ಕೆಗೆ ಅರ್ಜಿ ಹಾಕಿದಳು, ಓಟದಲ್ಲಿ ಪಾಸಾದಳು, ಆರು ವಾರದ ಶಿಬಿರಕ್ಕೆ ಕರೆ ಬಂತು. ಅಲ್ಲಿ ಒಬ್ಬರಿಗೆ ಎರಡೇ ಸಲ ಅವಕಾಶ. ಎರಡು ಸಲ ಬಿದ್ದರೆ ಆ ಬಾಗಿಲು ಜೀವಮಾನಕ್ಕೆ ಮುಚ್ಚಿತು. ಹೊರಡುವ ದಿನ ಅವ್ವ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿ ಕೊಟ್ಟಳು. “ನಿಂದ್ರವಾ, ಹಣಿಗಿ ಒಂದೀಟ ವಿಭೂತಿ ಹಚ್ಚತೀನಿ” ಎಂದು ದೇವರ ಮಾಡದ ಕಡೆ ತಿರುಗಿದಳು. ಓಣಿಯ ತುದಿಯಲ್ಲಿ ಬಸ್ಸಿನ ಹಾರ್ನ್ ಕೇಳಿತು. “ಬರ್ತೀನ ಬೇ!” ಅಷ್ಟೇ. ಅವ್ವ ಬೆರಳಿನಲ್ಲಿ ವಿಭೂತಿ ಹಿಡಿದು ತಿರುಗಿದರೆ ಹೊಸ್ತಿಲ ಮೇಲೆ ಯಾರೂ ಇಲ್ಲ. ಆ ವಿಭೂತಿಯನ್ನು ಆಕೆ ಏನು ಮಾಡಿದಳು? ಚೆಲ್ಲುವ ಹಾಗಿಲ್ಲ. ಬಾಗಿಲ ಚೌಕಟ್ಟಿಗೆ ಒರೆಸಿದಳು.

ಇದನ್ನು ನೆನಪಿನಲ್ಲಿಡಿ, ಆಮೇಲೆ ಬೇಕಾಗುತ್ತದೆ.

ಶಿಬಿರದಲ್ಲಿ ಹೆಣ್ಣುಮಕ್ಕಳದು ಐದು ಮಂದಿಯ ಒಂದೊಂದು ತಂಡ. ಈರವ್ವನ ತಂಡದಲ್ಲಿ ಒಬ್ಬಳು ಉಳಿದವರಿಗಿಂತ ಹಿರಿಯಳು. ಎಂಟು ವರ್ಷ ಒಂದೇ ಸರ್ಕಲ್ಲಿನಲ್ಲಿ ಟ್ರಾಫಿಕ್ ಪೊಲೀಸ್ ಆಗಿ ನಿಂತವಳು, ನಾಲ್ಕು ವರ್ಷದ ಮಗಳನ್ನು ತವರಿನಲ್ಲಿ ಬಿಟ್ಟು ಬಂದವಳು. ಎಲ್ಲರೂ ಆಕೆಯನ್ನು ಟ್ರಾಫಿಕ್ ಅಕ್ಕ ಎನ್ನುತ್ತಿದ್ದರು. ಓಟದಲ್ಲಿ ಆಕೆ ಹಿಂದೆ, ಹಗ್ಗದಲ್ಲಿ ಇನ್ನೂ ಹಿಂದೆ. ಮೊದಲ ದಿನ ಹಗ್ಗದ ನಡುವೆ ಹೋಗಿ, ಮೇಲೆ ಹತ್ತಲಾರದೆ ಕೆಳಗೆ ಇಳಿಯಲಾರದೆ ನೇತಾಡಿದಳು. ಎಲ್ಲರೂ ನಕ್ಕರು. ಈರವ್ವ ನಗಲಿಲ್ಲ. ಸಂಜೆ ಆಕೆಯನ್ನು ಕರೆದುಕೊಂಡು ಹೋಗಿ, “ಅಕ್ಕಾ, ಕೈಲೆ ಹತ್ತಬ್ಯಾಡ. ಕಾಲಿಲೆ ಹತ್ತು. ಹೆಬ್ಬಟ್ಟಿನ್ಯಾಗ ಹಗ್ಗಾ ಹಿಡಿ” ಎಂದು ಕಲಿಸಿದಳು. ವಾರದಲ್ಲಿ ಅಕ್ಕ ತುದಿ ಮುಟ್ಟಿದಳು. ಇದನ್ನು ಯಾಕೆ ಹೇಳಿದೆ? ಈರವ್ವ ಕೆಟ್ಟವಳು ಎಂದು ನೀವು ತಿಳಿಯಬಾರದು. ಕರುಣೆ ಇರುವ ಹುಡುಗಿ, ತಾಳ್ಮೆ ಒಂದಿರಲಿಲ್ಲ.

ತರಬೇತಿ ಕೊಡುವವರನ್ನು ಪೊಲೀಸರಲ್ಲಿ ಉಸ್ತಾದ್ ಎನ್ನುತ್ತಾರೆ. ಆ ಉಸ್ತಾದರು ಕಡಿಮೆ ಮಾತಿನ ಮನುಷ್ಯ. ಮೂರನೆಯ ವಾರ ಅವರು ಬಾಗಿಲು ದಾಟುವ ವಿದ್ಯೆ ಹೇಳಿಕೊಟ್ಟರು. ನೀವು ಹುಟ್ಟಿದಾಗಿನಿಂದ ಬಾಗಿಲು ದಾಟುತ್ತಿದ್ದೀರಿ, ಅದರಲ್ಲಿ ಏನು ವಿದ್ಯೆ ಎನ್ನುತ್ತೀರಿ. ಕೇಳಿ. ಒಳಗೆ ಬಂದೂಕು ಹಿಡಿದವನು ಇದ್ದಾನೆ. ಹೊರಗೆ ಗೋಡೆಗೆ ಆತು ಐವರು ಒಬ್ಬರ ಹಿಂದೆ ಒಬ್ಬರು ನಿಲ್ಲುತ್ತಾರೆ. ಮೊದಲಿನವಳ ಕಣ್ಣು ಬಾಗಿಲಿನ ಮೇಲೆ. ಕೊನೆಯವಳು ಬಾಗಿಲಿಗೆ ಬೆನ್ನು ಮಾಡಿ ಹಿಂದೆ ನೋಡುತ್ತಾಳೆ. ಮಾತಾಡುವ ಹಾಗಿಲ್ಲ, ಒಳಗಿನವನಿಗೆ ಕೇಳಿಸುತ್ತದೆ. ಹಾಗಾದರೆ ಹೊರಡುವುದು ಯಾವಾಗ? ಕೊನೆಯವಳು ಹಿಂದೆಲ್ಲ ನೋಡಿ, ಅಪಾಯ ಇಲ್ಲ ಎಂದು ಖಾತ್ರಿಯಾದ ಮೇಲೆ ತನ್ನ ಮುಂದಿನವಳ ಹೆಗಲು ಒತ್ತುತ್ತಾಳೆ. ಆಕೆ ತನ್ನ ಮುಂದಿನವಳ ಹೆಗಲು ಒತ್ತುತ್ತಾಳೆ. ಹೀಗೆ ಹೆಗಲಿನಿಂದ ಹೆಗಲಿಗೆ ಆ ಒತ್ತು ಬರಬೇಕು. ಮೊದಲಿನವಳ ಹೆಗಲಿಗೆ ಅದು ಮುಟ್ಟಿದ ಮೇಲೆಯೇ ಬಾಗಿಲು.

ಎಂಥ ಪದ್ಧತಿ ನೋಡಿ! ಎಲ್ಲರಿಗಿಂತ ಮುಂದಿದ್ದವಳಿಗೆ ಅಪ್ಪಣೆ ಕೊಡುವವಳು ಎಲ್ಲರಿಗಿಂತ ಹಿಂದಿದ್ದವಳು. ಆಕೆಯ ಮುಖ ಮುಂದಿನವಳಿಗೆ ಕಾಣುವುದೂ ಇಲ್ಲ.

ಉಸ್ತಾದರು ಈರವ್ವನನ್ನು ಮೊದಲು ನಿಲ್ಲಿಸಿದರು, ಟ್ರಾಫಿಕ್ ಅಕ್ಕನನ್ನು ಕೊನೆಗೆ. ಅಕ್ಕನಿಗೆ ಸರ್ಕಲ್ಲಿನ ಅಭ್ಯಾಸ. ಎಡಕ್ಕೆ ನೋಡಬೇಕು, ಬಲಕ್ಕೆ ನೋಡಬೇಕು, ಇನ್ನೊಮ್ಮೆ ಎಡಕ್ಕೆ ನೋಡಬೇಕು. ಆಮೇಲೆ ಒತ್ತಬೇಕು. ಅಷ್ಟರಲ್ಲಿ ಈರವ್ವನ ಕಾಲು ಕುದಿಯುತ್ತಿತ್ತು. ಎಷ್ಟೋ ಸಲ ಒತ್ತು ಬರುವುದಕ್ಕೂ ಆಕೆ ನುಗ್ಗುವುದಕ್ಕೂ ಕೂದಲೆಳೆಯ ಅಂತರ ಇರುತ್ತಿತ್ತು, ಕೆಲವು ಸಲ ಅದೂ ಇರುತ್ತಿರಲಿಲ್ಲ. ಉಸ್ತಾದರು “ಮತ್ತೊಮ್ಮೆ” ಎನ್ನುತ್ತಿದ್ದರು, ಬೈಯುತ್ತಿರಲಿಲ್ಲ.

ಒಂದು ದಿನ ಈರವ್ವ ತಡೆಯಲಾರದೆ ಅಂದೇಬಿಟ್ಟಳು. “ಅಕ್ಕಾ, ಇದೇನ ನಿನ್ನ ಸರ್ಕಲ್ ಅಲ್ಲ, ಹಸರು ಬೀಳೂತನಾ ಕಾಯಾಕ. ಸೆಕೆಂಡ್ ಲೆಕ್ಕಾ ಇರ್ತಾವ ಇಲ್ಲೆ.”

ಅಕ್ಕ ಬೇಜಾರು ಮಾಡಿಕೊಳ್ಳಲಿಲ್ಲ. “ಕೆಂಪ ಇದ್ದಾಗ ನುಗ್ಗಿದವರನ ಭಾಳ ಮಂದೀನ ನೋಡೀನಿ ತಂಗಿ. ಎಲ್ಲಾರಿಗೂ ಸೆಕೆಂಡಿಂದ ಲೆಕ್ಕ ಇತ್ತು” ಎಂದಳು, ನೀರು ಕುಡಿದು ಮತ್ತೆ ತನ್ನ ಜಾಗದಲ್ಲಿ ಹೋಗಿ ನಿಂತಳು.

ಆರನೆಯ ವಾರ ಕಡೆಯ ಪರೀಕ್ಷೆ. ಮೈದಾನದ ಮೂಲೆಯಲ್ಲಿ ಮೇಲ್ಛಾವಣಿ ಇಲ್ಲದ ಇಟ್ಟಿಗೆಯ ಒಂದು ಸುಳ್ಳು ಮನೆ. ಒಳಗೆ ರಟ್ಟಿನ ಮನುಷ್ಯರು, ಬಂದೂಕು ಹಿಡಿದ ಚಿತ್ರದವರು ಇಬ್ಬರು, ಕೂಸು ಎತ್ತಿಕೊಂಡ ತಾಯಿಯ ಚಿತ್ರ ಒಂದು. ಇಬ್ಬರಿಗೆ ಗುಂಡು ಬೀಳಬೇಕು, ತಾಯಿಗೆ ತಾಗಬಾರದು. ಗುಂಡು ಎಂದರೆ ಬಣ್ಣದ ಗುಂಡು, ತಾಗಿದಲ್ಲಿ ಕೆಂಪಾಗುತ್ತದೆ. ಮುಂಜಾನೆಯ ಬಿಸಿಲು. ದೊಡ್ಡ ಸಾಹೇಬರು ಕೊಡೆಯ ಕೆಳಗೆ ಕೂತಿದ್ದಾರೆ. ಈರವ್ವನ ತಂಡಕ್ಕಿಂತ ಮೊದಲು ಹೋದ ತಂಡ ಇಪ್ಪತ್ತನಾಲ್ಕು ಸೆಕೆಂಡು ತೆಗೆದುಕೊಂಡಿತ್ತು.

ಐವರೂ ಗೋಡೆಗೆ ಆತು ನಿಂತರು. ಈರವ್ವನ ಹೆಗಲ ಮೇಲೆ ಹಿಂದಿನವಳ ಕೈ ಇತ್ತು. ಕೈ ಇತ್ತು, ಒತ್ತು ಇರಲಿಲ್ಲ. ಗಡಿಯಾರ ಆಗಲೇ ಓಡುತ್ತಿತ್ತು. ಒಂದು ಸೆಕೆಂಡು. ಎರಡು. ಒಳಗೆ ಯಾರನ್ನೋ ಕೂರಿಸಿ ಕೂಸಿನ ಹಾಗೆ ಅಳಿಸುತ್ತಿದ್ದರು, ಅದೂ ಪರೀಕ್ಷೆಯ ಭಾಗ. ಮೂರು. ನಾಲ್ಕು. ಈರವ್ವನ ತಲೆಯಲ್ಲಿ ಏನು ಓಡಿತು? ಎರಡು ವರ್ಷದ ಉಸುಕಿನ ಚೀಲ ಓಡಿತು. ರೈಟರನ ನಗೆ ಓಡಿತು. ಡಬ್ಬಿಯಲ್ಲಿ ಬಿದ್ದ ಪದಕಗಳು ನೆನಪಾದವು. ‘ಅಕ್ಕ ಮತ್ತ ತಡಾ ಮಾಡಾಕತ್ತಾಳ’ ಎಂದುಕೊಂಡಳು. ಐದು.

ನುಗ್ಗಿದಳು.

ಮುಂದಿನವಳು ಹೋದ ಮೇಲೆ ಹಿಂದಿನವರು ಏನು ಮಾಡಬೇಕು? ಎರಡನೆಯವಳು ನುಗ್ಗಿದಳು, ಮೂರನೆಯವಳು ನುಗ್ಗಿದಳು. ಒಳಗೆ ಈರವ್ವ ಮಾಡಿದ್ದನ್ನು ನೋಡಿದ್ದರೆ ನೀವೂ ಎದ್ದು ನಿಲ್ಲುತ್ತಿದ್ದಿರಿ. ಎಡಕ್ಕೆ ಒಂದು, ಬಲಕ್ಕೆ ಒಂದು, ಎರಡೂ ಗುರಿ ಎದೆಯ ನಡುವೆ. ತಾಯಿಯ ಚಿತ್ರದ ಮೇಲೆ ಒಂದು ಹನಿ ಕೆಂಪಿಲ್ಲ. ಹದಿನಾರು ಸೆಕೆಂಡು! ಆ ಮೈದಾನದಲ್ಲಿ ಅಲ್ಲಿಯ ತನಕ ಯಾರೂ ಮಾಡಿರಲಿಲ್ಲ. ಈರವ್ವ ಮುಷ್ಟಿ ಎತ್ತಿ ಕೆಲಸ ಮುಗಿಯಿತೆಂದು ತೋರಿಸಿದಳು. ಎದೆ ಹಿಗ್ಗಿ ಕಣ್ಣಲ್ಲಿ ನೀರು ಬಂದಿತ್ತು.

ಹೊರಗೆ ಸೀಟಿ ಕೇಳಿತು.

ಆಕೆ ಹೊರಗೆ ಬಂದು ನೋಡಿದಾಗ ಟ್ರಾಫಿಕ್ ಅಕ್ಕ ಗೋಡೆಯ ಬುಡದಲ್ಲಿ ಕೂತಿದ್ದಳು. ಕುತ್ತಿಗೆಯಿಂದ ಸೊಂಟದ ತನಕ ಬೆನ್ನೆಲ್ಲ ಕೆಂಪು. ಪಕ್ಕದಲ್ಲಿ ನಾಲ್ಕನೆಯವಳು, ಆಕೆಯ ಮೊಣಕಾಲು ಕೆಂಪು. ಆಚೆ ಎಣ್ಣೆಯ ಡ್ರಮ್ಮುಗಳ ಹಿಂದಿನಿಂದ ಪರೀಕ್ಷೆಗೆ ಬಂದ ಒಬ್ಬಾತ ಬಣ್ಣದ ಬಂದೂಕು ಹಿಡಿದು ಎದ್ದು ಬರುತ್ತಿದ್ದ. ಅಕ್ಕ ಅವನ ನೆರಳನ್ನು ಎರಡನೆಯ ಸೆಕೆಂಡಿಗೇ ನೋಡಿದ್ದಳು. ಅದಕ್ಕೇ ಒತ್ತಿರಲಿಲ್ಲ. ಐವರೂ ನಿಂತಿದ್ದರೆ ಒಬ್ಬಳು ಅವನನ್ನು ನೋಡಿಕೊಳ್ಳುತ್ತಿದ್ದಳು, ಒಬ್ಬಳು ಉಳಿದವರನ್ನು ಕಾಯುತ್ತಿದ್ದಳು. ಮೂವರು ಒಳಗೆ ಹೋದರು. ನಾಲ್ಕನೆಯವಳು ಒಳಗೆ ಹೋಗಲೋ ಇಲ್ಲೇ ಇರಲೋ ತಿಳಿಯದೆ ಬಯಲಲ್ಲಿ ನಿಂತಳು. ಆಕೆಯನ್ನು ಕೆಳಗೆ ಎಳೆಯಲು ಅಕ್ಕ ತಿರುಗಿದಳು. ತಿರುಗಿದಾಗ ಬೆನ್ನಿಗೆ ಬಿತ್ತು.

ಉಸ್ತಾದರು ಕೂಗಾಡಲಿಲ್ಲ. ಕೂಗಾಡಿದ್ದರೆ ಎಷ್ಟೋ ಚೆನ್ನಾಗಿತ್ತು. “ಟೈಮ್ ಎಷ್ಟಾತು?” ಎಂದರು.

“ಹದಿನಾರ್ ಸೆಕೆಂಡ್ ಸರ್.”

“ಭಾಳ ಚಲೋ. ನಿಮ್ಮ ಟೀಮಿನ್ಯಾಗ ಎಷ್ಟ ಮಂದಿ?”

“ಐದ್ ಮಂದಿ ಸರ್.”

“ಎಣಸು.”

ಈರವ್ವ ಎಣಿಸಿದಳು. ತನ್ನನ್ನೂ ಸೇರಿಸಿ ಒಂದು, ಎರಡು, ಮೂರು. ಅಲ್ಲಿಗೆ ಎಣಿಕೆ ಮುಗಿಯಿತು. ಬಣ್ಣ ಎಂದು ಗೊತ್ತು. ಸುಳ್ಳು ಮನೆ, ಸುಳ್ಳು ಗುಂಡು ಎಂದು ಗೊತ್ತು. ಆದರೂ ಬಂದೂಕು ಕೆಳಗಿಟ್ಟು ಆ ಕೆಂಪು ಬೆನ್ನನ್ನೇ ನೋಡಿದಳು. ನಿಜವಾಗಿದ್ದರೆ ತವರಿನಲ್ಲಿದ್ದ ನಾಲ್ಕು ವರ್ಷದ ಕೂಸಿಗೆ ಯಾರು ಹೋಗಿ ಏನು ಹೇಳುತ್ತಿದ್ದರು?

ಆ ಶಿಬಿರದಲ್ಲಿ ಒಂದು ಕಟ್ಟುಪಾಡು ಇತ್ತು. ಯಾರ ತಪ್ಪಿನಿಂದ ಯಾರ ಅಂಗಿಗೆ ಬಣ್ಣ ಬಿತ್ತೋ, ತಪ್ಪು ಮಾಡಿದವರು ಆ ಅಂಗಿಯನ್ನು ಕೈಯಾರೆ ಒಗೆದು ಕೊಡಬೇಕು. ಮಧ್ಯಾಹ್ನ ಈರವ್ವ ನಲ್ಲಿಯ ಮುಂದೆ ಕೂತು ಅಕ್ಕನ ಅಂಗಿ ತಿಕ್ಕಿದಳು. ತಿಕ್ಕಿದಷ್ಟೂ ಕಲ್ಲು ಕೆಂಪಾಗುತ್ತಿತ್ತು. ಅಕ್ಕ ಬಂದು ಪಕ್ಕದಲ್ಲಿ ಕೂತಳು.

“ನೀ ಕೂಗಬಾರದಾಗಿತ್ತಾ ಅಕ್ಕಾ?” ಈರವ್ವ ತಲೆ ಎತ್ತಲಿಲ್ಲ.

“ಕೂಗಿದ್ನಲ್ಲ. ನಿನ್ನ ಹೆಗಲ ಒತ್ತಲಿಲ್ಲ. ಅದ ನನ್ನ ಕೂಗು.”

ಈರವ್ವ ಮೊಣಕೈಯಿಂದ ಕಣ್ಣು ಒರೆಸಿಕೊಂಡಳು.

“ಅಳಬ್ಯಾಡ. ನಿನಗ ಹಗ್ಗದ ರೂಢಿ. ನನಗ ಬ್ಯಾರೆ ರೂಢಿ” ಎಂದಳು ಅಕ್ಕ. “ಎಂಟ ವರ್ಷಾ ರಸ್ತಾದ ನಡಕ ನಿಂತೀನಿ. ಯಾ ಲಾರಿ ಯಾವಾಗ ಬರ್ತೈತೋ ಯಾರಿಗ್ಗೊತ್ತು. ಮನಿ ಬಿಡೂ ಮುಂದ ನನ್ನ ಮಗಳು ‘ಹೋಗಿ ಬಾ ಬೇ’ ಅನ್ನೂತನಾ ನಾ ಹೊಸ್ತಲಾ ದಾಟಂಗಿಲ್ಲ. ಒಮ್ಮೊಮ್ಮೆ ಸಿಟ್ಟ ಬಂದಿರ್ತೈತಿ ಅಕೀಗೆ, ಅನ್ನಂಗೇ ಇಲ್ಲ. ನಿಂತಿರ್ತೀನಿ. ಡ್ಯೂಟಿಗಿ ತಡಾ ಆಗಿ ಬೈಸ್ಕೊಂಡೀನಿ. ಆದ್ರ ಅಕಿ ಅಂದ್ಲಂದ್ರ, ಇಡೀ ದಿನಾ ಬೆನ್ನ ಹಿಂದ ಯಾರೋ ನಿಂತಂಗ ಇರ್ತೈತಿ. ನಿಮ್ಮವ್ವ ಅಂತಾಳಿಲ್ಲೋ?”

ಈರವ್ವ ಯೋಚಿಸಿದಳು. ಅವ್ವ ಅನ್ನುತ್ತಾಳೋ ಇಲ್ಲವೋ ಆಕೆಗೆ ಗೊತ್ತಿರಲಿಲ್ಲ. ಇಪ್ಪತ್ತನಾಲ್ಕು ವರ್ಷ ಒಂದೇ ಮನೆಯಲ್ಲಿ ಬೆಳೆದ ಮಗಳಿಗೆ ಗೊತ್ತಿರಲಿಲ್ಲ! ನಲ್ಲಿಯ ನೀರು ಸುಮ್ಮನೆ ಹರಿದು ಹೋಗುತ್ತಿತ್ತು.

ಮರುದಿನ ಹೆಸರುಗಳ ಪಟ್ಟಿ ಹಚ್ಚಿದರು. ಟ್ರಾಫಿಕ್ ಅಕ್ಕನ ಹೆಸರು ಇತ್ತು. ಈರವ್ವನ ಹೆಸರು ಇರಲಿಲ್ಲ. ಪೆಟ್ಟಿಗೆ ಕಟ್ಟಿಕೊಂಡು ಉಸ್ತಾದರಿಗೆ ಸೆಲ್ಯೂಟ್ ಹೊಡೆಯಲು ಹೋದಾಗ ಅವರು ಆ ಆರು ವಾರದಲ್ಲಿ ಆಡಿದ ಅತಿ ಉದ್ದದ ಮಾತು ಆಡಿದರು. “ಹಗ್ಗಾ ಹತ್ತೂದು, ಗುರಿ ಹೊಡಿಯೂದು ನಿನಗ ನನಗಿಂತ ಚಲೋ ಬರ್ತೈತಿ. ಕಾಯೂದೊಂದ ಬರಂಗಿಲ್ಲ. ಅದು ಆರ್ ವಾರದಾಗ ಕಲಸಾಕ ಬರೂದಲ್ಲವಾ. ಮನ್ಯಾಗ ಕಲತ ಬರಬೇಕು. ಇನ್ನೊಂದ ಸರತಿ ಐತಿ ನಿನಗ. ಕಲತ ಬಾ.”

ಊರಿಗೆ ಬಂದಳು. ಅವ್ವ ಮಗಳ ಮುಖ ನೋಡಿದಳು, ಬಿಸಿ ರೊಟ್ಟಿ ಬಡಿದು ಹಾಕಿದಳು. ಮಗಳು ತಟ್ಟೆಯ ಮುಂದೆ ಕೂತು ಹೋ ಎಂದು ಅತ್ತಳು. ಅಳಲಿ ಬಿಡಿ, ಎರಡು ವರ್ಷದ ಬೆವರು ಅದು.

ಮರುದಿನ ಬೆಳಿಗ್ಗೆ ಠಾಣೆಯ ಡ್ಯೂಟಿ. ಅದೇ ಖಾಕಿ, ಅದೇ ರೈಟರ್, ಅವನ ನಗೆಯನ್ನು ಎದುರಿಸಬೇಕು. ಈರವ್ವ ಹೆಲ್ಮೆಟ್ ಕೈಯಲ್ಲಿ ಹಿಡಿದು ಹೊಸ್ತಿಲಿಗೆ ಬಂದಳು. “ಬರ್ತೀನ ಬೇ” ಎಂದಳು.

ನಿಂತಳು.

ಒಳಗಿನಿಂದ ರೊಟ್ಟಿ ಬಡಿಯುವ ಸಪ್ಪಳ. ಪಟ, ಪಟ, ಪಟ. ಅವ್ವನಿಗೆ ಅವಸರವಿಲ್ಲ. ಯಾಕಿರಬೇಕು? ಯಾರೂ ನಿಂತಿರುವುದಿಲ್ಲವಲ್ಲ. ರೊಟ್ಟಿ ತವೆಗೆ ಬಿತ್ತು, ನೀರು ಸವರಿದ್ದಾಯಿತು, ತಿರುವಿ ಹಾಕಿದ್ದಾಯಿತು. ಈರವ್ವನ ಕಾಲು ಕುದಿಯಿತು. ಆದರೂ ನಿಂತಳು. ಕೊನೆಗೆ ಅವ್ವ ಕೈಯ ಹಿಟ್ಟು ಕೊಡವಿಕೊಳ್ಳುತ್ತ, ದಿನಾ ಬರುವ ಹಾಗೆ ಬಾಗಿಲಿಗೆ ಬಂದಳು. ಮಗಳನ್ನು ನೋಡಿ ಗಾಬರಿಯಾದಳು.

“ಯಾಕ ಯವ್ವಾ, ಏನರ ಮರತೀಯೇನು?”

“ಇಲ್ಲ ಬೇ. ನೀ ಹೋಗಿ ಬಾ ಅನ್ನಲಿ ಅಂತ ನಿಂತೀನಿ. ಯಾಕ ನೀ ಎಂದೂ ಅನ್ನೂದಿಲ್ಲ?”

ಅವ್ವ ಮಗಳ ಮುಖವನ್ನೇ ನೋಡಿದಳು. “ದಿನಾ ಅಂತೀನಲ್ಲವಾ,” ಎಂದಳು, “ನೀ ಓಣಿ ದಾಟಿ ಹೋಗಿರ್ತಿ.”

ಸ್ವಲ್ಪ ನೀರು ಕೊಡಿ.

ದಿನಾ ಅಂತೀನಿ. ಖಾಲಿ ಹೊಸ್ತಿಲಿಗೆ, ಗಾಡಿಯ ಹೊಗೆಗೆ, ಆ ತಾಯಿ ವರ್ಷಗಟ್ಟಲೆ ‘ಹೋಗಿ ಬಾ’ ಎಂದಿದ್ದಾಳೆ. ಆ ಬಾಗಿಲ ಚೌಕಟ್ಟಿನ ಮೇಲೆ ಒಂದು ಬಿಳಿ ಗೆರೆ ಇತ್ತು. ಏನದು ಎಂದು ಈರವ್ವ ಕೇಳಿದಳು. ಅವ್ವ ಒಳಗೆ ಹೋಗಿ ವಿಭೂತಿ ತಂದು ಈ ಸಲ ಮಗಳ ಹಣೆಗೇ ಹಚ್ಚಿದಳು. ಆಮೇಲೆ ಹಿಟ್ಟಿನ ಕೈಯನ್ನು ಮಗಳ ಹೆಗಲ ಮೇಲಿಟ್ಟು, “ಹೋಗಿ ಬಾ” ಎಂದಳು. ಖಾಕಿ ಅಂಗಿಯ ಮೇಲೆ ಬೆರಳಿನ ಬಿಳಿ ಗುರುತು ಮೂಡಿತು. ಈರವ್ವ ಅದನ್ನು ಕೊಡವಿಕೊಳ್ಳದೆ ಠಾಣೆಗೆ ಹೋದಳು. ರೈಟರ್ ನಗಲು ಬಾಯಿ ತೆರೆದವನು ಆ ಹೆಗಲು ನೋಡಿ ಯಾಕೋ ಸಮನ್ಸಿನ ಕಟ್ಟನ್ನಷ್ಟೇ ಮುಂದೆ ಸರಿಸಿದನಂತೆ.

ಮುಂದೆ ಆಕೆ ಕಮಾಂಡೋ ಆದಳೋ ಇಲ್ಲವೋ? ಆದಳು ಎಂದರೆ ನೀವು ಚಪ್ಪಾಳೆ ತಟ್ಟಿ ಮನೆಗೆ ಹೋಗಿ ಮರೆಯುತ್ತೀರಿ. ಎರಡನೆಯ ಆಯ್ಕೆ ಇನ್ನೂ ನಡೆದಿಲ್ಲ. ಆಕೆ ಈಗಲೂ ನಸುಕಿನಲ್ಲಿ ಉಸುಕಿನ ಚೀಲ ಕಟ್ಟಿಕೊಂಡು ಓಡುತ್ತಾಳೆ. ಹೊರಡುವ ಮೊದಲು ಹೊಸ್ತಿಲಲ್ಲಿ ನಿಲ್ಲುತ್ತಾಳೆ. ಅಷ್ಟು ನನಗೆ ಗೊತ್ತು.

ಈಗ ನಿಮ್ಮ ಸರದಿ. ಪಕ್ಕದ ಓಣಿಯವನ ಕಡೆ ನೋಡಬೇಡಿ, ನಿಮಗೇ ಹೇಳುತ್ತಿದ್ದೇನೆ. ಇವತ್ತು ಬೆಳಿಗ್ಗೆ ನೀವು ಮನೆ ಬಿಟ್ಟಾಗ ಒಳಗಿನಿಂದ ಏನು ಮಾತು ಬಂತು? ನೆನಪು ಮಾಡಿಕೊಳ್ಳಿ. ಅಂಗಡಿಯ ಕೀಲಿ ಎಲ್ಲಿತ್ತು ಎಂಬುದು ನೆನಪಿದೆ. ಗಾಡಿ ಎಷ್ಟು ಸಲ ಕಿಕ್ ಹೊಡೆದ ಮೇಲೆ ಹತ್ತಿತು ಎಂಬುದು ನೆನಪಿದೆ. ಒಳಗಿನ ಮಾತು? ಇಲ್ಲ. ಅವರು ಅನ್ನಲಿಲ್ಲವೇ, ನೀವು ಕೇಳಲಿಲ್ಲವೇ? ಗಂಡಸರಿಗೆ ಮಾತ್ರ ಹೇಳುತ್ತಿದ್ದೇನೆ ಎಂದು ತಾಯಂದಿರು ನಗಬೇಡಿ. ಸಂಘದ ಮೀಟಿಂಗಿಗೆ ಹೊರಟಾಗ ಅತ್ತೆಗೆ ಹೇಳಿ ನಿಂತವರು ಎಷ್ಟು ಮಂದಿ ಇದ್ದೀರಿ? ನನ್ನನ್ನೂ ಬಿಡುವುದಿಲ್ಲ. ಮಠದ ಉತ್ಸವದಲ್ಲಿ ನನ್ನ ಅಡ್ಡಪಲ್ಲಕ್ಕಿ ಹೊರುವವರು ಕೂಡ ನನ್ನ ಅಪ್ಪಣೆಗೆ ಕಾದು ನಿಲ್ಲುತ್ತಾರೆ, ಆದರೆ ನನಗೆ ದಿನಾ ಅನ್ನ ಬೇಯಿಸುವ ಅಡುಗೆಯಾತನಿಗೆ ಒಂದು ಮಾತು ಹೇಳದೆ ಎಷ್ಟೋ ಸಲ ಜೀಪು ಹತ್ತಿದ್ದೇನೆ.

ಎಲ್ಲರೂ ಮುಂದೆ ಹೋಗಬೇಕು. ಹೋಗಿ, ದೊಡ್ಡದನ್ನೇ ಬಯಸಿ. ಆದರೆ ನಿಮ್ಮ ಬೆನ್ನ ಹಿಂದೆ, ನಿಮಗೆ ಮುಖ ಕಾಣದ ಜಾಗದಲ್ಲಿ, ನಿಮಗಾಗಿ ಹಿಂದೆ ನೋಡುತ್ತ ನಿಂತವರು ಒಬ್ಬರಿದ್ದಾರೆ. ಅವರು ತಡ ಮಾಡಿದರೆ ಸೋಮಾರಿತನ ಎನ್ನಬೇಡಿ. ನಿಮಗೆ ಕಾಣದ ಏನೋ ಅವರಿಗೆ ಕಂಡಿರುತ್ತದೆ. ಹೆಂಡತಿ ‘ಇವತ್ತು ಆ ವ್ಯವಹಾರಕ್ಕೆ ಸಹಿ ಹಾಕಬೇಡ್ರಿ’ ಎಂದು ಸುಮ್ಮನಾದರೆ, ಅಪ್ಪ ‘ಹ್ಞೂಂ’ ಅನ್ನದೆ ಪೇಪರು ಮಡಿಸುತ್ತ ಕೂತರೆ, ಅದು ಹೆಗಲು ಒತ್ತದೆ ಬಿಟ್ಟ ಕೈ. ಅಲ್ಲಿ ನಿಲ್ಲಿ. ಏನು ಕಂಡಿತು ಎಂದು ಕೇಳಿ.

ನಾಳೆ ಬೆಳಿಗ್ಗೆ ಮಾಡಬೇಕಾದ್ದು ಇಷ್ಟೇ. ಗಾಡಿ ಹತ್ತುವ ಮೊದಲು, ಚಪ್ಪಲಿ ಮೆಟ್ಟಿ, ಹೊಸ್ತಿಲಲ್ಲಿ ನಿಂತು ‘ಹೋಗಿ ಬರ್ತೀನಿ’ ಎನ್ನಿ. ಮಾತು ಬರುವ ತನಕ ನಿಲ್ಲಿ. ಕುಕ್ಕರ್ ಕೂಗುತ್ತಿದ್ದರೆ ಅದು ಮುಗಿಯುವ ತನಕ ನಿಲ್ಲಿ. ಒಳಗಿದ್ದವರೇ, ನೀವೂ ಮೊಬೈಲಿನಲ್ಲಿ ಮುಖ ಹುದುಗಿಸಿ ಗೊಣಗಬೇಡಿ. ಬಾಗಿಲ ತನಕ ಬನ್ನಿ, ಬಾಯಿ ತುಂಬ ‘ಹೋಗಿ ಬಾ’ ಎನ್ನಿ. ಒಳಗೆ ಯಾರೂ ಇಲ್ಲದ ಮನೆಯವರು ಇದ್ದೀರಿ, ನನಗೆ ಗೊತ್ತು. ನೀವು ಪಕ್ಕದ ಮನೆಯ ಬಾಗಿಲಿಗೆ ಹೇಳಿ ಹೋಗಿ. ಪಕ್ಕದ ಮನೆಯವರೇ, ನೀವು ಉತ್ತರ ಕೊಡಬೇಕು.

ಮಂಗಳಾರತಿಯ ಹೊತ್ತಾಯಿತು. ಕಂಬದ ಹತ್ತಿರದವರು ಆಗಲೇ ಕಾಲು ಮಡಚಿ ಎದ್ದಿದ್ದೀರಿ. ಕೂಡ್ರಿ. ಪ್ರಸಾದ ಎಲ್ಲಿಗೂ ಹೋಗುವುದಿಲ್ಲ, ಇವತ್ತು ಹುಗ್ಗಿ ಸಾಕಷ್ಟು ಮಾಡಿಸಿದ್ದೇನೆ. ಎಲ್ಲರಿಗಿಂತ ಹಿಂದೆ, ಗೋಡೆಗೆ ಆತು ಒಬ್ಬ ಅಜ್ಜಿ ಕೂತಿದ್ದಾಳೆ ನೋಡಿ. ಹದಿನೇಳು ದಿನವೂ ನಿಮ್ಮೆಲ್ಲರ ನೂಕುನುಗ್ಗಲು ಮುಗಿದ ಮೇಲೆಯೇ ಆಕೆ ಗೋಡೆ ಹಿಡಿದು ಎದ್ದಿದ್ದಾಳೆ. ಇವತ್ತು ಮೊದಲು ಆಕೆ ಏಳಲಿ. ಯಾರಾದರೂ ಕೈ ಕೊಡಿ. ನಿಧಾನ, ಅಜ್ಜಿ, ನಿಧಾನ. ನಮಗ್ಯಾರಿಗೂ ಅವಸರವಿಲ್ಲ.

ಎದ್ದೆಯಾ ತಾಯಿ? ನಿನ್ನ ಬಾಯಿಂದಲೇ ಬರಲಿ. ನಮಗೆಲ್ಲ ಒಂದು ಮಾತು ಹೇಳು.

“ಹೋಗಿ ಬರ‍್ರೆಪಾ.”

ಕೇಳಿಸಿತೇ? ಈಗ ಏಳಿ.